ಸೊಂಟದಲ್ಲಿ ಅಡಗಿದ ಧೈರ್ಯ

ಅಮೆರಿಕದ ಹ್ಯೂಸ್ಟನ್ ನಗರದ ಹೊರವಲಯದಲ್ಲಿ ನನ್ನ ಸೋದರತ್ತೆಯ ಮಗ ಒಂದು ಪೆಟ್ರೋಲ್ ಬಂಕ್ ನಡೆಸುತ್ತಾನೆ. ಬಂಕಿಗೆ ಅಂಟಿಕೊಂಡು ಹಾಲು, ಬ್ರೆಡ್ಡು, ಸಿಗರೇಟು ಮಾರುವ ಅಂಗಡಿ. 2022ರ ಜುಲೈಯಲ್ಲಿ ಮಗಳ ಮನೆಗೆಂದು ಹೋದ ನಾನು ಅವನ ಒತ್ತಾಯಕ್ಕೆ ನಾಲ್ಕು ದಿನ ಅಲ್ಲಿ ಉಳಿದಿದ್ದೆ. ಒಂದು ಸಂಜೆ ಗಲ್ಲಾಪೆಟ್ಟಿಗೆಯ ಹಿಂದೆ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಅವನು ಮೇಲಿನ ಕಪಾಟಿಗೆ ಕೈ ಚಾಚಿದ. ಅಂಗಿ ಮೇಲಕ್ಕೆ ಸರಿಯಿತು. ಸೊಂಟದಲ್ಲಿ ಪಿಸ್ತೂಲಿತ್ತು.

ಚಿಕ್ಕಂದಿನಲ್ಲಿ ದೀಪಾವಳಿಯ ಪಟಾಕಿಗೆ ಕಡ್ಡಿ ಗೀರಲೂ ಹೆದರುತ್ತಿದ್ದ ಹುಡುಗ ಇವನು. "ಎಂತದು ಮಾರಾಯ ಇದು?" ಎಂದೆ.

"ಇಲ್ಲಿ ಇದೆಲ್ಲ ಮಾಮೂಲು ಭಾವ. ಈಗ ಲೈಸೆನ್ಸೂ ಬೇಡ" ಎಂದು ನಕ್ಕ.

ಅವನು ಹೇಳಿದ್ದು ನಿಜ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ 21 ವರ್ಷ ತುಂಬಿದವರು, ಕಾನೂನಿನ ಬೇರೆ ಅಡ್ಡಿ ಇಲ್ಲದಿದ್ದರೆ, ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಇವನು ಅದನ್ನು ಕೊಂಡದ್ದಕ್ಕೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಒಂದು ರಾತ್ರಿ ಒಬ್ಬ ಬಂದು ಮುಖಕ್ಕೆ ಪಿಸ್ತೂಲು ಹಿಡಿದಿದ್ದನಂತೆ. ಗಲ್ಲಾದಲ್ಲಿದ್ದ ನೂರಿಪ್ಪತ್ತು ಡಾಲರ್ ಕೊಟ್ಟ. ಬಂದವನು ಹೋದ. ಆ ವಾರವೇ ಇವನು ಪಿಸ್ತೂಲು ತಂದ. "ಇನ್ನೊಂದು ಸಲ ಬರ್ಲಿ, ನೋಡ್ತೀನಿ" ಎಂದ.

ನಾನು ಅಮೆರಿಕದಲ್ಲಿದ್ದಾಗಲೇ, ಜುಲೈ 17ರಂದು, ಇಂಡಿಯಾನಾ ರಾಜ್ಯದ ಗ್ರೀನ್‌ವುಡ್ ಎಂಬ ಊರಿನ ಮಾಲಿನಲ್ಲಿ ಒಬ್ಬ ರೈಫಲ್ ಹಿಡಿದು ಮೂವರನ್ನು ಕೊಂದ. ಅಲ್ಲೇ ಇದ್ದ 22 ವರ್ಷದ ಯುವಕ ತನ್ನ ಪಿಸ್ತೂಲು ತೆಗೆದು 15 ಸೆಕೆಂಡಿನೊಳಗೆ ಅವನನ್ನು ಉರುಳಿಸಿದ. "ಈಗೆಂತ ಹೇಳ್ತೀರಿ ಭಾವ?" ಎಂದು ನನ್ನ ಭಾವಮೈದ ಗೆದ್ದವನಂತೆ ಕೇಳಿದ. ಟೆಕ್ಸಾಸಿನ ಕಥೆಯನ್ನೂ ಹೇಳಿದ. 1991ರ ಅಕ್ಟೋಬರ್ 16ರಂದು ಕಿಲೀನ್ ಎಂಬ ಊರಿನ ಹೋಟೆಲಿನಲ್ಲಿ ಒಬ್ಬ 23 ಜನರನ್ನು ಕೊಂದ. ಊಟಕ್ಕೆ ಬಂದಿದ್ದ ಸುಝಾನಾ ಹಪ್ ಎಂಬ ಮಹಿಳೆಯ ತಂದೆ ತಾಯಿ ಇಬ್ಬರೂ ಅಲ್ಲಿ ಸತ್ತರು. ಅಂದಿನ ಕಾನೂನಿಗೆ ಹೆದರಿ ಆಕೆ ತನ್ನ ಕೈಬಂದೂಕನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು. ಆಕೆ ಊರೂರಿಗೆ ಹೋಗಿ ತನ್ನ ಸಂಕಟ ಹೇಳಿಕೊಂಡರು. 1995ರಲ್ಲಿ ಟೆಕ್ಸಾಸ್ ಕಾನೂನು ಬದಲಾಯಿತು.

ಆ ಮಹಿಳೆಯ ದುಃಖವನ್ನು ಹಗುರವಾಗಿ ಕಾಣುವಷ್ಟು ಕಲ್ಲುಮನಸ್ಸು ನನ್ನದಲ್ಲ. ಗ್ರೀನ್‌ವುಡ್‌ನ ಯುವಕನಿಗೂ ಕೈ ಮುಗಿಯುತ್ತೇನೆ. ಆದರೆ ಕೊಲ್ಲಲೆಂದೇ ಬಂದವನ ಕಥೆಯನ್ನು ತಂದು ಗಲ್ಲಾಪೆಟ್ಟಿಗೆಗೆ ಕೈ ಹಾಕಲು ಬಂದವನಿಗೆ ಅಂಟಿಸುವುದು ಯಾವ ನ್ಯಾಯ? ಮೊದಲನೆಯವನಿಗೆ ನಿಮ್ಮ ಜೀವ ಬೇಕು, ಎರಡನೆಯವನಿಗೆ ದುಡ್ಡು. ದುಡ್ಡು ಕೊಟ್ಟರೆ ಸಾಮಾನ್ಯವಾಗಿ ಹೋಗುತ್ತಾನೆ. ಅಲ್ಲದೆ ದರೋಡೆಯಲ್ಲಿ ಸಮಯ ಗೊತ್ತು ಮಾಡುವವನು ದರೋಡೆಕೋರನೇ. ಅವನ ಆಯುಧ ಆಗಲೇ ಕೈಯಲ್ಲಿದೆ, ನಿಮ್ಮದು ಅಂಗಿಯೊಳಗೆ. ನೀವು ಅಂಗಿ ಎತ್ತಿ, ಪಿಸ್ತೂಲು ಎಳೆದು, ಗುರಿ ಹಿಡಿಯುವವರೆಗೆ ಅವನು ಕಾಯುತ್ತಾನೆಯೇ? ಹಾಗೆ ಕಾಯುವುದು ಸಿನಿಮಾದ ಖಳನಾಯಕ ಮಾತ್ರ. ಅಂಗಡಿಯವರೆಲ್ಲ ಪಿಸ್ತೂಲು ಇಟ್ಟಿದ್ದಾರೆಂದು ತಿಳಿದರೆ ಕಳ್ಳ ಕಸುಬು ಬಿಡುತ್ತಾನೆಂದು ಇವರು ನಂಬುತ್ತಾರೆ. ಅವನು ಮೊದಲು ಗುಂಡು ಹೊಡೆದು ಆಮೇಲೆ ದುಡ್ಡು ಕೇಳುವುದನ್ನು ಕಲಿಯಬಹುದು ಎಂಬುದು ಏಕೆ ಹೊಳೆಯುವುದಿಲ್ಲ?

ಈ ವಾದಕ್ಕೆ ಶಾಸ್ತ್ರದ ಬೆಂಬಲವೂ ಇತ್ತು. 1998ರಲ್ಲಿ ಜಾನ್ ಲಾಟ್ ಎಂಬ ಅರ್ಥಶಾಸ್ತ್ರಜ್ಞ, ಬಂದೂಕು ಹೆಚ್ಚಿದರೆ ಅಪರಾಧ ಕಡಿಮೆಯಾಗುತ್ತದೆಂದು ಪುಸ್ತಕವನ್ನೇ ಬರೆದ. 2004ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಲೆಕ್ಕವನ್ನೆಲ್ಲ ತಿರುವಿ ಹಾಕಿ, ಹಾಗೆನ್ನಲು ಸಾಕಷ್ಟು ಆಧಾರವಿಲ್ಲವೆಂದಿತು. 2019ರಲ್ಲಿ ಜಾನ್ ಡಾನಹ್ಯೂ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಇಂಥ ಕಾನೂನು ತಂದ ರಾಜ್ಯಗಳಲ್ಲಿ, ತರದೆ ಇದ್ದಿದ್ದರೆ ಇರಬಹುದಾಗಿದ್ದುದಕ್ಕಿಂತ, ಹತ್ತು ವರ್ಷಗಳ ನಂತರ ಹಿಂಸಾತ್ಮಕ ಅಪರಾಧ ಶೇಕಡಾ 13ರಿಂದ 15ರಷ್ಟು ಹೆಚ್ಚಿತ್ತೆಂದು ಅವರ ಅಂದಾಜು.

ನಾನೇನು ಅಹಿಂಸಾವ್ರತಿಯಲ್ಲ. ಕೊಪ್ಪದ ಹತ್ತಿರದ ನಮ್ಮ ಮನೆಯ ಗೋಡೆಯ ಮೇಲೂ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ತೋಟಾ ಕೋವಿ ಇದೆ. ಅದು ಇರುವುದು ಊರಿಗೆಲ್ಲ ಗೊತ್ತು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ತರುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ರಾತ್ರಿ ಕಣದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸಿಗೆ ಕಳ್ಳರು ಬಿದ್ದರು. ನಾಯಿ ಬೊಗಳಿದ್ದಕ್ಕೆ ಎದ್ದು ಕೋವಿ ಹಿಡಿದು ಹೊರಬಂದೆ. ಅಡಿಕೆ ಮರಗಳ ನಡುವೆ ಒಬ್ಬ ಬಗ್ಗಿಕೊಂಡು ಓಡುತ್ತಿದ್ದ. ಕುದುರೆ ಎತ್ತಿ ಗುರಿ ಹಿಡಿದೆ. ಕೈ ನಡುಗುತ್ತಿತ್ತು, ಬೆರಳು ಒತ್ತಲಿಲ್ಲ. ಆತ "ಅಯ್ಯಾ, ಆ ಕಡೆ ಹೋದ್ರು!" ಎಂದು ಕೂಗಿದ. ನಮ್ಮ ತೋಟದ ರೈಟರು. ಗಲಾಟೆ ಕೇಳಿ ನನಗಿಂತ ಮೊದಲೇ ಕಳ್ಳರನ್ನು ಅಟ್ಟಿಕೊಂಡು ಹೊರಟಿದ್ದ. ಎರಡು ಮೂಟೆ ಮೆಣಸು ಹೋಯಿತು. ಆ ರಾತ್ರಿ ಜಗಲಿಯಲ್ಲಿ ಕೂತು ನಾನು ನಡುಗಿದ್ದು ಮೆಣಸಿಗಾಗಿ ಅಲ್ಲ.

ಆ ರಾತ್ರಿ ನಮ್ಮ ತೋಟದಲ್ಲಿ ತಪ್ಪಿದ್ದು 2021ರ ಜೂನ್ 21ರಂದು ಕೊಲೊರಾಡೊ ರಾಜ್ಯದ ಅರ್ವಾಡಾ ಊರಿನಲ್ಲಿ ತಪ್ಪಲಿಲ್ಲ. ಪೊಲೀಸನೊಬ್ಬನನ್ನು ಕೊಂದ ದುಷ್ಟನನ್ನು ಅಲ್ಲಿನ ನಾಗರಿಕನೊಬ್ಬ ತನ್ನ ಅಡಗಿಸಿಟ್ಟ ಪಿಸ್ತೂಲಿನಿಂದ ಹೊಡೆದ. ಬಿದ್ದವನ ರೈಫಲನ್ನು ಎತ್ತಿಕೊಂಡ. ಅಷ್ಟರಲ್ಲಿ ಬಂದ ಇನ್ನೊಬ್ಬ ಪೊಲೀಸ್ ಇವನೇ ಹಂತಕನೆಂದು ತಿಳಿದು ಗುಂಡು ಹಾರಿಸಿದ. ಊರನ್ನು ಕಾಪಾಡಿದವನು ಸತ್ತುಹೋದ. ಒಳ್ಳೆಯವನ ಹಣೆಯ ಮೇಲೆ ಒಳ್ಳೆಯವನೆಂದು ಬರೆದಿರುವುದಿಲ್ಲ.

ನಮ್ಮ ಊರುಗಳಲ್ಲೂ ಸರಗಳ್ಳತನವೋ ಒಡವೆ ಅಂಗಡಿಯ ದರೋಡೆಯೋ ಆದಾಗ, ವ್ಯಾಪಾರಸ್ಥರಿಗೆಲ್ಲ ಪಿಸ್ತೂಲು ಲೈಸೆನ್ಸ್ ಕೊಡಿ ಎಂಬ ಮಾತು ಕೇಳಿಬರುತ್ತದೆ. ಆತ್ಮರಕ್ಷಣೆಯ ಹಕ್ಕು ನಮಗೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ, ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಕೂಡದೆಂದೂ ಹೇಳಿದೆ. ಅಗತ್ಯ ಎಷ್ಟೆಂದು ನ್ಯಾಯಾಧೀಶರು ವರ್ಷಗಟ್ಟಲೆ ವಿಚಾರಿಸಿ ತೀರ್ಮಾನಿಸುತ್ತಾರೆ. ಅಂಗಡಿಯವನು ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ, ಎದೆ ಹೊಡೆದುಕೊಳ್ಳುತ್ತಿರುವಾಗ ತೀರ್ಮಾನಿಸಬೇಕು. ರಸ್ತೆಗೆ ದೀಪ ಹಾಕಿಸಿ, ರಾತ್ರಿ ಗಸ್ತು ಹೆಚ್ಚಿಸಿ ಎಂದು ಸರ್ಕಾರದ ಕತ್ತುಪಟ್ಟಿ ಹಿಡಿದು ಕೇಳಬೇಕಾದವರು, ನಮ್ಮ ಜೀವ ನಾವೇ ನೋಡಿಕೊಳ್ಳುತ್ತೇವೆಂದು ಬಿಟ್ಟರೆ ಸರ್ಕಾರಕ್ಕೆ ಅದಕ್ಕಿಂತ ಸುಖ ಇನ್ನೇನಿದೆ?

ಹೊರಡುವ ಹಿಂದಿನ ರಾತ್ರಿ ಅಂಗಡಿ ಮುಚ್ಚುವಾಗ ಭಾವಮೈದನನ್ನು ಕೇಳಿದೆ: "ಈಗ ಹೆದರಿಕೆ ಹೋಯ್ತಾ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ, "ಮೊದಲು ಗಿರಾಕಿ ಬಂದ್ರೆ ಮುಖ ನೋಡ್ತಿದ್ದೆ ಭಾವ. ಈಗ ಮೊದಲು ಕೈ ನೋಡ್ತೀನಿ" ಎಂದ.

ನೂರಿಪ್ಪತ್ತು ಡಾಲರನ್ನು ಅವನು ಎರಡು ದಿನದಲ್ಲಿ ಮತ್ತೆ ದುಡಿದಿದ್ದ. ಬಾಗಿಲಲ್ಲಿ ಬಂದವರ ಮುಖ ನೋಡಿ ನಗುವ ಅಭ್ಯಾಸ ಮಾತ್ರ ಅವನಿಗೆ ಇನ್ನೂ ಮರಳಿ ಬಂದಿರಲಿಲ್ಲ.