ಎಣ್ಣೆಯ ಸ್ನಿಗ್ಧತೆ: ಖರೀದಿ ಆದೇಶದಲ್ಲಿ ಅಂಕಿಯೊಂದೇ ಸಾಲದು

ಅಮೆರಿಕದಲ್ಲಿ ತಯಾರಾದ ಹಳೆಯ ಹೈಡ್ರಾಲಿಕ್ ಪ್ರೆಸ್ಸೊಂದರ ಕೈಪಿಡಿಯಲ್ಲಿ ಎಣ್ಣೆಯ ಸ್ನಿಗ್ಧತೆ 150 ಎಂದಿದೆ ಎನ್ನೋಣ. ಉಗ್ರಾಣದ ಸಿಬ್ಬಂದಿ ಆ ಅಂಕಿಯನ್ನು ಹಾಗೆಯೇ ಖರೀದಿ ಆದೇಶಕ್ಕೆ ಇಳಿಸುತ್ತಾರೆ. ಮಾರಾಟಗಾರರು ವಿಜಿ 150 ದರ್ಜೆಯ ಬ್ಯಾರೆಲ್‌ಗಳನ್ನು ಕಳುಹಿಸುತ್ತಾರೆ. ಆದರೆ ಕೈಪಿಡಿಯಲ್ಲಿರುವುದು 100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅಳೆದ ಸೇಬೋಲ್ಟ್ ಸೆಕೆಂಡು. ಇಂದಿನ ಲೆಕ್ಕದಲ್ಲಿ ಅದು ಸುಮಾರು 32 ಸೆಂಟಿಸ್ಟೋಕ್ಸ್, ಅರ್ಥಾತ್ ವಿಜಿ 32. ಬಂದಿಳಿದ ಎಣ್ಣೆ ಬೇಕಾದುದಕ್ಕಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚು ಮಂದವಾಗಿರುತ್ತದೆ. ಪಂಪು ಅದನ್ನು ಸರಾಗವಾಗಿ ಎಳೆಯಲಾರದು, ಮೋಟರಿನ ಮೇಲಿನ ಹೊರೆ ಏರುತ್ತದೆ, ಎಣ್ಣೆ ಕಾಯುತ್ತದೆ. ವ್ಯಾಜ್ಯವೆದ್ದರೆ ಮಾರಾಟಗಾರರ ಉತ್ತರ ಸಿದ್ಧವಾಗಿದೆ: ಆದೇಶದಲ್ಲಿದ್ದುದನ್ನೇ ಪೂರೈಸಲಾಗಿದೆ. ನಷ್ಟವನ್ನು ಹೊರುವುದು ಸಣ್ಣ ಉದ್ಯಮಿಯೇ.

ಮೂಲ ಮಾನಗಳ ಪರಿವರ್ತನೆ ಕಷ್ಟದ್ದೇನಲ್ಲ. ಬ್ರಿಟನ್ನಿನ ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅವರ ಹೆಸರಿನ ಒಂದು ಸ್ಟೋಕ್ಸ್ ಎಂದರೆ ಸೆಕೆಂಡಿಗೆ ಒಂದು ಚದರ ಸೆಂಟಿಮೀಟರ್. ಅದರ ನೂರನೆಯ ಒಂದು ಭಾಗವಾದ ಸೆಂಟಿಸ್ಟೋಕ್ಸ್ ಸೆಕೆಂಡಿಗೆ ಒಂದು ಚದರ ಮಿಲಿಮೀಟರ್. ಕೊಠಡಿಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಹೆಚ್ಚುಕಡಿಮೆ ಅಷ್ಟೇ. ಅಂತರರಾಷ್ಟ್ರೀಯ ಪದ್ಧತಿಯ ಮಾನವಾದ ಸೆಕೆಂಡಿಗೆ ಒಂದು ಚದರ ಮೀಟರ್ ಎಂಬುದು ಮಾತ್ರ ಹತ್ತು ಲಕ್ಷ ಸೆಂಟಿಸ್ಟೋಕ್ಸ್‌ನಷ್ಟು ಹಿರಿದು. ಆ ಮಾನದಲ್ಲಿ ವಿಜಿ 46 ಎಣ್ಣೆ 0.000046 ಆಗುತ್ತದೆ, ವೇಗವಾಗಿ ತಿರುಗುವ ಸ್ಪಿಂಡಲ್‌ಗಳಿಗೆ ಬಳಸುವ ವಿಜಿ 2 ದರ್ಜೆಯ ತೆಳು ಎಣ್ಣೆ 0.000002. ಬೆರಳಚ್ಚಿನಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಎಣ್ಣೆ ಹತ್ತು ಪಟ್ಟು ಬದಲಾಗುತ್ತದೆ, ನೋಡಿದವರ ಕಣ್ಣಿಗೆ ಅದು ಬೀಳುವುದೂ ಇಲ್ಲ. ಅಡಿ ಲೆಕ್ಕದ ದಾಖಲೆಗಳದು ಇನ್ನೂ ಒಂದು ಹೆಜ್ಜೆ ಮುಂದೆ: ಸೆಕೆಂಡಿಗೆ ಒಂದು ಚದರ ಅಡಿ ಎಂದರೆ 92,903 ಸೆಂಟಿಸ್ಟೋಕ್ಸ್.

ಸೇಬೋಲ್ಟ್ ಮತ್ತು ರೆಡ್‌ವುಡ್ ಸೆಕೆಂಡುಗಳ ತೊಡಕು ಇದಕ್ಕಿಂತ ಆಳವಾದುದು. ಇವು ಹೆಸರಿಗೆ ಮಾನಗಳು. ವಾಸ್ತವದಲ್ಲಿ ನಿಗದಿತ ಪ್ರಮಾಣದ ಎಣ್ಣೆ ನಿಗದಿತ ರಂಧ್ರದಿಂದ ಇಳಿಯಲು ಹಿಡಿದ ಸಮಯ. ಸೇಬೋಲ್ಟ್‌ನಲ್ಲಿ 60 ಮಿಲಿಲೀಟರ್, ರೆಡ್‌ವುಡ್‌ನಲ್ಲಿ 50. ಮಂದ ಎಣ್ಣೆಯಾದರೆ ಸೇಬೋಲ್ಟ್ ಸೆಕೆಂಡನ್ನು 4.63ರಿಂದ ಭಾಗಿಸಿದರೆ ಸೆಂಟಿಸ್ಟೋಕ್ಸ್ ದೊರೆಯುತ್ತದೆ. ಈ ಸೂತ್ರವನ್ನೇ ತೆಳು ಎಣ್ಣೆಗೆ ಹಚ್ಚುವುದು ಕಾರ್ಖಾನೆಗಳಲ್ಲಿ ಸುಲಭವಾಗಿ ನಡೆಯಬಹುದಾದ ತಪ್ಪು. 2 ಸೆಂಟಿಸ್ಟೋಕ್ಸ್ ಎಣ್ಣೆಗೂ ಸುಮಾರು 32.6 ಸೆಕೆಂಡು ಬೇಕು; ಭಾಗಾಕಾರ ಮಾಡಿದವರಿಗೆ ಸಿಗುವ ಉತ್ತರ 7. ಕೆಳಗಿನ ತುದಿಯಲ್ಲಿ ಗುಣಕವಿಲ್ಲ, ಕೋಷ್ಟಕವೇ ಗತಿ. ಎಎಸ್‌ಟಿಎಂ ಡಿ 2161 ಎಂಬ ಮಾನಕ ಇರುವುದು ಇದಕ್ಕಾಗಿಯೇ.

ಮೇಲಿನ ತುದಿಯಲ್ಲಿ ರಸ್ತೆ ಕಾಮಗಾರಿಯ ಬಿಟುಮೆನ್ ಇದೆ. 2006ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಐಎಸ್ 73 ಬಿಟುಮೆನ್ನಿಗೂ ವಿಜಿ ಎಂಬ ಅಕ್ಷರಗಳನ್ನೇ ಕೊಟ್ಟಿತು. ಆದರೆ ಬಿಟುಮೆನ್ನಿನ ವಿಜಿ-30ಕ್ಕೂ ಎಣ್ಣೆಯ ವಿಜಿ 32ಕ್ಕೂ ಯಾವ ನಂಟೂ ಇಲ್ಲ. ಮೊದಲನೆಯದಕ್ಕೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 2,400 ಪಾಯಿಸ್ ಇರಬೇಕು. ಪಾಯಿಸ್ ಬೇರೆಯೇ ಮಾನ, ಸಾಂದ್ರತೆಯಿಂದ ಭಾಗಿಸದೆ ಸ್ಟೋಕ್ಸ್ ಆಗದು. ಬಿಟುಮೆನ್ನಿನ ಸಾಂದ್ರತೆ ನೀರಿಗೆ ಸಮೀಪವಾದುದರಿಂದ ಸುಮಾರು 2.4 ಲಕ್ಷ ಸೆಂಟಿಸ್ಟೋಕ್ಸ್ ಎನ್ನಬಹುದು. ಅದೇ ವಸ್ತುವಿಗೆ 135 ಡಿಗ್ರಿಯಲ್ಲಿ ಕೇಳುವುದು ಕನಿಷ್ಠ 350 ಸೆಂಟಿಸ್ಟೋಕ್ಸ್ ಮಾತ್ರ.

ಉಷ್ಣತೆಯನ್ನು ಹೇಳದ ಸ್ನಿಗ್ಧತೆಗೆ ಅರ್ಥವಿಲ್ಲವೆಂಬುದು ಇದರಿಂದಲೇ ಸ್ಪಷ್ಟ. ಕೈಗಾರಿಕಾ ಎಣ್ಣೆಯ ವಿಜಿ ದರ್ಜೆ 40 ಡಿಗ್ರಿಯದು. ಹಡಗಿನ ಇಂಧನದ 380 ಎಂಬ ಅಂಕಿ 50 ಡಿಗ್ರಿಯದು. ಗಣಕಯಂತ್ರದ ಪರಿವರ್ತಕಗಳನ್ನು ನಂಬಿದರೆ ಸಾಕು ಎಂಬ ವಾದವೂ ಇದೆ. ಅವು ಸೊನ್ನೆಗಳನ್ನು ತಪ್ಪಿಲ್ಲದೆ ಎಣಿಸುತ್ತವೆ, ನಿಜ. ಆದರೆ ಅಂಕಿ ಯಾವ ಉಷ್ಣತೆಯದೆಂದು ಬಹುಪಾಲು ಪರಿವರ್ತಕಗಳು ಕೇಳುವುದಿಲ್ಲ. 150 ಸೇಬೋಲ್ಟ್‌ನದೋ ಸೆಂಟಿಸ್ಟೋಕ್ಸ್‌ನದೋ ಎಂಬುದನ್ನು ತಾವಾಗಿ ಅರಿಯಲಾರವು.

ಆದ್ದರಿಂದ ಖರೀದಿ ಆದೇಶದಲ್ಲಿ ಅಂಕಿ, ಮಾನ, ಉಷ್ಣತೆ ಮೂರೂ ಒಂದೇ ಸಾಲಿನಲ್ಲಿ ಇರತಕ್ಕದ್ದು. '46 ಚದರ ಮಿಲಿಮೀಟರ್ ಪ್ರತಿ ಸೆಕೆಂಡಿಗೆ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ' ಎಂದು ಬರೆಯಲು ಅರ್ಧ ನಿಮಿಷ ಸಾಕು, ದಶಾಂಶದ ಸೊನ್ನೆಗಳ ಕಾಟವೂ ಇಲ್ಲ. ಮಾರಾಟಗಾರರ ಪರೀಕ್ಷಾ ಪತ್ರವೂ ಇದೇ ರೂಪದಲ್ಲಿ ಇರಬೇಕೆಂದು ಆದೇಶದ ಷರತ್ತುಗಳಲ್ಲಿಯೇ ಸೇರಿಸಬೇಕು. ಹಳೆಯ ಯಂತ್ರಗಳ ಕೈಪಿಡಿಗಳನ್ನು ಒಮ್ಮೆ ಅನುಭವಿ ಎಂಜಿನಿಯರರಿಂದ ಪರಿಶೀಲಿಸಿ, ಪರಿವರ್ತಿತ ದರ್ಜೆಯನ್ನು ಯಂತ್ರದ ಎಣ್ಣೆ ತೊಟ್ಟಿಯ ಮುಚ್ಚಳದ ಮೇಲೆಯೇ ಬಣ್ಣದಲ್ಲಿ ಬರೆಸಿಡುವುದು ಒಳ್ಳೆಯದು. ಉಗ್ರಾಣದ ಸಿಬ್ಬಂದಿ ಬದಲಾದರೂ ಆ ಬರಹ ಅಲ್ಲೇ ಇರುತ್ತದೆ.