ಅರ್ಧ ಅಂಗುಲದ ಅಂಚು

ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋದವರು ವಿಗ್ರಹಗಳ ಸೊಬಗಿಗೆ ಬೆರಗಾಗಿ, ಪೀಠದತ್ತ ಕಣ್ಣು ಹಾಯಿಸುವುದನ್ನೇ ಮರೆಯುವುದುಂಟು. 13ನೆಯ ಶತಮಾನದ ಶಿಲ್ಪಿ ಮಲ್ಲಿತಮ್ಮನು ತಾನು ಕಡೆದ ಹಲವು ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೊರೆದಿದ್ದಾನೆ. ಕಟ್ಟಿಸಿದ ಸೋಮ ದಂಡನಾಯಕನ ಹೆಸರು ಊರಿಗೆ ನಿಂತಿತು. ಕಡೆದವನ ಹೆಸರು ಕಲ್ಲಿನಲ್ಲಿ ನಿಂತಿತು.

ಗೋಡೆಯ ಮೇಲಿನ ಕಾಗದದ ದೇವರನ್ನು ಬರೆದವನಿಗೆ ಈ ಭಾಗ್ಯವಿಲ್ಲ. ಗಾಜಿನ ಹಿಂದೆ ಕಂಗೊಳಿಸುವ ವಿಶ್ವರೂಪದ ಪಟ ಯಾರ ಕುಂಚದ್ದೆಂದು ಬಲ್ಲ ಮನೆಗಳು ವಿರಳ.

ಅಂಥ ಒಂದು ಅಗ್ಗದ ಅಚ್ಚುಪಟವೇ 1967ರಲ್ಲಿ ಇಂಗ್ಲೆಂಡಿನಲ್ಲಿ ‘ಆಕ್ಸಿಸ್: ಬೋಲ್ಡ್ ಆಸ್ ಲವ್’ ಎಂಬ ರಾಕ್ ಸಂಗೀತದ ಗಾನಮುದ್ರಿಕೆಗೆ ಹೊದಿಕೆಯಾಯಿತು. ವಿರಾಟ್ ಪುರುಷನ ಮುಖವಿದ್ದೆಡೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮತ್ತು ಅವನ ಇಬ್ಬರು ಸಂಗಡಿಗರ ಮುಖಗಳು ಮೂಡಿದವು. ಹೆಂಡ್ರಿಕ್ಸನಿಗೇ ಅದು ಹಿಡಿಸಲಿಲ್ಲ. ತನ್ನ ವಂಶದ್ದೆಂದು ಅವನು ಹೇಳಿಕೊಳ್ಳುತ್ತಿದ್ದ ‘ಇಂಡಿಯನ್’ ನೆತ್ತರು ಅಮೆರಿಕದ ಆದಿವಾಸಿಗಳದು, ಭಾರತದ್ದಲ್ಲ! ಮುಖಗಳನ್ನು ಬರೆದ ರೋಜರ್ ಲಾ, ಅದಕ್ಕೆ ಆಧಾರವಾದ ಛಾಯಾಚಿತ್ರ ತೆಗೆದ ಕಾರ್ಲ್ ಫೆರಿಸ್—ಇಬ್ಬರ ಹೆಸರೂ ಉಳಿದಿವೆ. ಮೂಲ ಪಟದ ಚಿತ್ರಕಾರನನ್ನು ಕೇಳಿದವರೆಷ್ಟು ಮಂದಿ?

ಇಂದು ಅಂಥ ಹೊದಿಕೆಗಳೇ ಕಲಾಪಟಗಳಾಗಿ, ಕಟ್ಟು ಹಾಕಿಸಿಕೊಂಡು ಮಾರಾಟಕ್ಕೆ ಬರುತ್ತವೆ. ಗೋಡೆಯಿಂದ ಹೊರಟ ಚಿತ್ರ ಲೋಕ ಸುತ್ತಿ ಗೋಡೆಗೇ ಮರಳಿದೆ.

ಅಚ್ಚುಪಟದಲ್ಲಿ ಬರೆದವನ ಹೆಸರಿದ್ದರೆ, ಅದಿರುವುದು ಬಹುಮಟ್ಟಿಗೆ ಕೆಳಗಿನ ಅಂಚಿನಲ್ಲಿ. ಕಟ್ಟಿನ ಅಳತೆಗೆ ಕತ್ತರಿ ಮೊದಲು ಬೀಳುವುದೂ ಅಲ್ಲಿಯೇ. ಪಟಕ್ಕೆ ಕಟ್ಟು ಹಾಕಿಸುವವರು ಆ ಅಂಚನ್ನು ಉಳಿಸಿರೆಂದು ಒಂದು ಮಾತು ಹೇಳಬಾರದೆ? ಮಲ್ಲಿತಮ್ಮನ ಕೈಯಲ್ಲಿ ಉಳಿಯಿತ್ತು, ಹೆಸರು ಉಳಿಯಿತು. ಕಾಗದದ ಕಲಾವಿದನಿಗೆ ಅರ್ಧ ಅಂಗುಲದ ಜಾಗ ಸಾಕು.