ಏರ್ ಫಿಲ್ಟರ್ ಬದಲಿಸಿದ ಅಪರಾಧಕ್ಕೆ...

ಮೊದಲೇ ಹೇಳಿಬಿಡ್ತೀನಿ, ನಗಬೇಡಿ. ಹಲಕುಂದಿಯಲ್ಲಿ ಇದ್ದುಕೊಂಡು ನಾನೊಂದು ಸ್ಪೋರ್ಟ್ಸ್ ಕಾರು ತಗೊಂಡೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಜಾತಿ. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಬೆಂಗಳೂರಿನವರೊಬ್ಬರು ಎರಡು ವರ್ಷ ಇಟ್ಟುಕೊಂಡು, ಟ್ರಾಫಿಕ್ಕಿನಲ್ಲಿ ಸೆಕೆಂಡ್ ಗೇರಿನ ಮೇಲೆ ಹೋಗಲಾಗದೆ ಬೇಜಾರಾಗಿ ಮಾರಿದ್ದು. ಹೊಸದರ ಅರ್ಧ ಬೆಲೆಗೆ ಸಿಕ್ಕಿತು. ಮನೆ ಮುಂದೆ ನಿಲ್ಲಿಸಿದಾಗ ಅಮ್ಮ ಒಂದು ಸುತ್ತು ಹಾಕಿ ನೋಡಿ, "ನೀನು, ನಿನ್ನ ಹೆಂಡ್ತಿ ಕೂತ್ರಿ. ನಾನೆಲ್ಲಿ ಕೂಡ್ಬೇಕಪ್ಪಾ?" ಅಂದರು. ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ :)

ಆದರೆ ಜಗಳ ಅಮ್ಮನ ಜೊತೆ ಅಲ್ಲ, ಕಂಪನಿ ಜೊತೆ. ಕಂಪನಿ ಹೆಸರು ಬರೆಯಲ್ಲ. ಯಾವ ಹೆಸರು ಹಾಕಿದರೂ ಕಥೆ ಹೆಚ್ಚುಕಡಿಮೆ ಇದೇ ಅಂತ ಕಾರು ಇರುವ ಗೆಳೆಯರಿಗೆಲ್ಲ ಗೊತ್ತು.

ಕಾರು ತಗೊಂಡಾಗ ಇನ್ನೂ 14 ತಿಂಗಳ ವಾರಂಟಿ ಬಾಕಿ ಇತ್ತು. ಮಾಲೀಕ ಬದಲಾದರೂ ಉಳಿದ ಅವಧಿಗೆ ವಾರಂಟಿ ಕಾರಿನ ಜೊತೆಗೇ ಹೋಗುತ್ತದೆ ಅಂತ ಅವರದೇ ಪುಸ್ತಕದಲ್ಲಿ ಅಚ್ಚಾಗಿದೆ. ಮಾರಿದವರು ಆ 14 ತಿಂಗಳಿಗೆ ಅಂತಲೇ ಬೆಲೆಯಲ್ಲಿ ಒಂದಿಷ್ಟು ಏರಿಸಿದ್ದರು, ನಾನೂ ಮರುಮಾತಿಲ್ಲದೆ ಕೊಟ್ಟಿದ್ದೆ.

ಈಗ ನಮ್ಮೂರಿನ ಗಾಳಿಯ ವಿಷಯ. ಹಲಕುಂದಿ ಸುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳು, ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಅಂಗಿ ಸಂಜೆಗೆ ಯಾವ ಬಣ್ಣ ಆಗಿರುತ್ತೆ ಅಂತ ಬಳ್ಳಾರಿ ಕಡೆಯವರನ್ನು ಕೇಳಿ. ಕಂಪನಿ ಪುಸ್ತಕದ ಪ್ರಕಾರ ಏರ್ ಫಿಲ್ಟರನ್ನು 30,000 ಕಿಲೋಮೀಟರಿಗೆ ಬದಲಿಸಬೇಕು. ನಾನು 5,000ಕ್ಕೆ ತೆಗೆದು ನೋಡಿದೆ, ಇಟ್ಟಿಗೆ ಭಟ್ಟಿಯಿಂದ ಬಂದ ಹಾಗಿತ್ತು. ಪುಸ್ತಕದ ಕೊನೆಗೆ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿದೆ: ಧೂಳಿನ ರಸ್ತೆ, ವಿಪರೀತ ಬಿಸಿಲು ಇರುವ ಕಡೆ ಫಿಲ್ಟರ್, ಆಯಿಲ್ ಎಲ್ಲ ಬೇಗ ಬದಲಿಸಬೇಕಂತೆ. ಅಂಥ ಜಾಗವನ್ನು ಅವರು 'ಕಠಿಣ ಪರಿಸ್ಥಿತಿ' ಅಂತಾರೆ. ನಾವು ಊರು ಅಂತೀವಿ.

ಆ ಕಂಪನಿಯ ಸರ್ವೀಸ್ ಸೆಂಟರ್ ಇರುವುದು ಬೆಂಗಳೂರಿನಲ್ಲಿ. ರಾಂಪುರ, ಚಳ್ಳಕೆರೆ, ಹಿರಿಯೂರು, ತುಮಕೂರು ದಾಟಿ ಹತ್ತಿರ ಹತ್ತಿರ 300 ಕಿಲೋಮೀಟರ್. ಒಂದು ಫಿಲ್ಟರ್ ಬದಲಿಸೋಕೆ ಹೋಗಿ ಬರುವಷ್ಟರಲ್ಲಿ 600 ಕಿಲೋಮೀಟರ್ ಓಡಿ, ಹೊಸ ಫಿಲ್ಟರಿನ ಆಯಸ್ಸಿನಲ್ಲೂ ಒಂದು ಪಾಲು ಮುಗಿದಿರುತ್ತೆ! ಅದಕ್ಕೇ ಬಳ್ಳಾರಿಯಲ್ಲಿ ನಮ್ಮ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಭಾಯ್ ಸಾಮಾನ್ಯದವರಲ್ಲ. ಗಣಿ ಜೋರಿದ್ದಾಗ ಊರಿಗೆ ಬಂದ ದುಬಾರಿ ಕಾರುಗಳ ಮೇಲೆ ಕೈ ಪಳಗಿಸಿಕೊಂಡವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಬೆಂಗಳೂರಿಗೆ ಕಳಿಸಿ ಸರ್ವೀಸ್ ಮಾಡಿಸೋ ಉಮೇದು ಮಾಲೀಕರಿಗೆ ಇಳಿದು, ಆ ಕಾರುಗಳು ತಮ್ಮ ಶೆಡ್ಡಿಗೆ ಬರತೊಡಗಿದವು ಅಂತ ಅವರೇ ಹೇಳ್ತಾರೆ. ಕಂಪನಿ ಹೇಳಿದ ಗ್ರೇಡಿನದೇ ಆಯಿಲ್, ಕಂಪನಿ ಡಬ್ಬಿಯದೇ ಫಿಲ್ಟರ್ ತರಿಸಿ ಹಾಕಿದರು. ಬಿಲ್ಲಿನ ಮೇಲೆ ಗಾಡಿ ನಂಬರು, ಕಿಲೋಮೀಟರು, ಆಯಿಲ್ ಗ್ರೇಡು ಎಲ್ಲ ಬರೆಸಿಕೊಂಡೆ.

ಐದು ತಿಂಗಳ ಮೇಲೆ ವಾಟರ್ ಪಂಪ್ ಸೋರತೊಡಗಿತು. ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲು, ಕೂಲೆಂಟ್ ಇಲ್ಲದ ಟರ್ಬೊ ಇಂಜಿನ್. ಓಡಿಸಿದರೆ ಸುಟ್ಟೇ ಹೋಗುತ್ತೆ ಅಂತ ಲಾರಿ ಮೇಲೆ ಹೇರಿಸಿ ಬೆಂಗಳೂರಿಗೆ ಕಳಿಸಿದೆ. ಎರಡು ದಿನ ಬಿಟ್ಟು ಸರ್ವೀಸ್ ಅಡ್ವೈಸರ್ ಫೋನು.

"ಸಾರ್, ನಿಮ್ಮ ಹಿಸ್ಟರಿಯಲ್ಲಿ ಗ್ಯಾಪ್ ಇದೆ. ಹೊರಗಡೆ ಸರ್ವೀಸ್ ಮಾಡಿಸಿದ್ದೀರಿ. ವಾರಂಟಿ ವಾಯ್ಡ್ ಆಗಿದೆ. ಲೇಬರ್ ಸೇರಿ 92,000 ಎಸ್ಟಿಮೇಟು, ಅಪ್ರೂವ್ ಮಾಡ್ತೀರಾ?"

"ಆಯಿಲ್ ಬದಲಿಸಿದ್ದಕ್ಕೂ ವಾಟರ್ ಪಂಪಿಗೂ ಏನು ಸಂಬಂಧ?"

"ಪಾಲಿಸಿ ಸಾರ್."

ನನ್ನ ಪಿತ್ತ ನೆತ್ತಿಗೇರಿದ್ದು ಈ 'ಪಾಲಿಸಿ' ಅನ್ನೋ ಪದಕ್ಕೆ. ಆಯಿಲ್ ಹರಿಯುವ ದಾರಿ ಬೇರೆ, ಕೂಲೆಂಟ್ ಹರಿಯುವ ದಾರಿ ಬೇರೆ. ಏರ್ ಫಿಲ್ಟರಂತೂ ಪಂಪಿನ ಮುಖವನ್ನೇ ನೋಡಿಲ್ಲ. ಭಾಯ್ ಪಂಪನ್ನು ಮುಟ್ಟಿದ್ದರೆ, ಕಂಡಕಂಡ ನೀರು ಸುರಿದಿದ್ದರೆ ಮಾತು ಬೇರೆ. ಅದನ್ನು ಪರೀಕ್ಷೆ ಮಾಡಿ ತೋರಿಸಿ ಅಂದರೆ ತೋರಿಸಲ್ಲ. ಪಂಪ್ ಯಾಕೆ ಹೋಯ್ತು ಅಂತ ಯಾರೂ ಬಿಚ್ಚಿ ನೋಡಲಿಲ್ಲ, ಕಂಪ್ಯೂಟರಿನಲ್ಲಿ ಹಿಸ್ಟರಿ ನೋಡಿದರು ಅಷ್ಟೆ.

ಇದು ಬರೀ ಅನ್ಯಾಯ ಅಲ್ಲ, ಇಂಥದ್ದು ನಡೆಯಕೂಡದು ಅಂತ ನಮ್ಮ ದೇಶದಲ್ಲೇ ಆದೇಶ ಆಗಿದೆ. ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು. ಶಂಶೇರ್ ಕಟಾರಿಯಾ ಅನ್ನುವವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಬಿಡಿಭಾಗ, ತಪಾಸಣೆ ಉಪಕರಣ, ರಿಪೇರಿ ಕೈಪಿಡಿ ಯಾವುದನ್ನೂ ಕಾರು ಕಂಪನಿಗಳು ಹೊರಗಿನ ಗ್ಯಾರೇಜಿಗೆ ಕೊಡುತ್ತಿಲ್ಲ ಅನ್ನೋದು ದೂರು. ಮೊದಲು ಮೂರು ಕಂಪನಿಗಳ ಮೇಲಿದ್ದ ದೂರು ತನಿಖೆಯಲ್ಲಿ ದೊಡ್ಡದಾಯಿತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಆಮೇಲೆ ಕಂಪನಿಗಳು ಮೇಲ್ಮನವಿ ಅಂತ ಓಡಾಡಿದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ತನ್ನ ಮುಂದೆ ಬಂದ ಕಂಪನಿಗಳ ಮಟ್ಟಿಗೆ ದಂಡದ ಲೆಕ್ಕ ಇಳಿಸಿತು, ತಪ್ಪು ತಪ್ಪೇ ಅಂದಿತು.

ದಂಡದ ಮೊತ್ತ ಪೇಪರಿನಲ್ಲಿ ದೊಡ್ಡಕ್ಷರದಲ್ಲಿ ಬಂತು. ನಮಗೆ ಬೇಕಾದ ಮಾತು ಆದೇಶದ ಒಳಗೆ ಉಳಿಯಿತು. ಹೊರಗೆ ರಿಪೇರಿ ಮಾಡಿಸಿದರು ಅನ್ನೋ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವ ಷರತ್ತು ಹಾಕಕೂಡದು. ಹೊರಗಿನವರ ಕೆಟ್ಟ ಕೆಲಸದಿಂದ ಯಾವ ಹಾನಿ ಆಯಿತೋ ಅಷ್ಟರ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು. ನನ್ನ ಪಂಪಿಗೆ ಇದಕ್ಕಿಂತ ಬೇರೆ ಕಾನೂನು ಬೇಕಾ? ಅಮೆರಿಕದಲ್ಲಿ 1975ರಿಂದಲೇ ಮ್ಯಾಗ್ನುಸನ್-ಮಾಸ್ ಕಾಯ್ದೆ ಅಂತ ಒಂದಿದೆ. ನಮ್ಮದೇ ಪಾರ್ಟು ಹಾಕಿಸಿದರೆ ಮಾತ್ರ ವಾರಂಟಿ ಅನ್ನೋ ಹಾಗಿಲ್ಲ, ಹಾಗೆ ಅನ್ನಬೇಕಾದರೆ ಸಾಮಾನ್ಯವಾಗಿ ಅದನ್ನು ಪುಕ್ಕಟೆ ಕೊಡಬೇಕು. ಅಲ್ಲಿ ಅಷ್ಟು ವಿನಯದಿಂದ ವ್ಯಾಪಾರ ಮಾಡುವವರಿಗೆ ಇಲ್ಲಿ ಮಾತ್ರ 'ಪಾಲಿಸಿ' ನೆನಪಾಗುತ್ತೆ.

ವಾರಂಟಿ ಅವರು ನಮಗೆ ಮಾಡುವ ಉಪಕಾರ ಅಲ್ಲ. ನಾವು ತಯಾರಿಸಿದ ಪಂಪ್ ಮೂರು ವರ್ಷ ಬಾಳುತ್ತೆ ಅಂತ ಕಾರ್ಖಾನೆ ಕೊಟ್ಟ ಮಾತು. ಮಾತಿನ ಬೆಲೆಯನ್ನು ಮೊದಲ ಮಾಲೀಕ ಹೊಸ ಕಾರಿನ ಬೆಲೆಯಲ್ಲೇ ಕಟ್ಟಿದ್ದಾರೆ, ಉಳಿದದ್ದಕ್ಕೆ ನಾನು ಅವರಿಗೆ ಕಟ್ಟಿದ್ದೇನೆ. ಸರ್ವೀಸ್ ಬೇರೆಯದೇ ವ್ಯಾಪಾರ. ಒಂದನ್ನು ಇನ್ನೊಂದಕ್ಕೆ ಗಂಟು ಹಾಕಿದ್ದು ನನ್ನ ಇಂಜಿನ್ ಕಾಪಾಡೋಕೆ ಅಲ್ಲ, ನನ್ನ ಜೇಬನ್ನು ಬೆಂಗಳೂರಿನಲ್ಲೇ ಕಟ್ಟಿಹಾಕೋಕೆ. ಫಿಲ್ಟರ್ ಕಟ್ಟಿಕೊಂಡೇ ಓಡಿಸಿದ್ದರೆ ಹಿಸ್ಟರಿಯಲ್ಲಿ ಯಾವ ಗ್ಯಾಪೂ ಕಾಣ್ತಿರಲಿಲ್ಲ, ವಾರಂಟಿ ಭದ್ರವಾಗಿರುತ್ತಿತ್ತು. ಕಾರನ್ನು ಚೆನ್ನಾಗಿ ನೋಡಿಕೊಂಡಿದ್ದೇ ತಪ್ಪಾಯ್ತು.

ಈ ಹಿಸ್ಟರಿ ಅನ್ನೋದೂ ಒಂದು ನಾಟಕವೇ. ಮೊದಲು ಸರ್ವೀಸ್ ಪುಸ್ತಕದಲ್ಲಿ ಯಾರು ಬೇಕಾದರೂ ಸೀಲು ಒತ್ತಬಹುದಿತ್ತು. ಈಗ ನನ್ನ ಕಾರಿನದು ಅವರ ಕಂಪ್ಯೂಟರಿನಲ್ಲಿದೆ, ಭಾಯ್‌ಗೆ ಅದರ ಬಾಗಿಲು ಇಲ್ಲ. ಅವರ ಸ್ಕ್ಯಾನರ್ ದೋಷದ ಕೋಡ್ ಓದುತ್ತೆ, ಆಚೆಗೆ ಕಂಪನಿ ಪಾಸ್‌ವರ್ಡ್ ಬೇಕು. ತಪಾಸಣೆ ಉಪಕರಣ ಹೊರಗಿನವರಿಗೂ ಸಿಗುವಂತೆ ಮಾಡಿ ಅಂತಲೂ ಅದೇ 2014ರ ಆದೇಶದಲ್ಲಿದೆ. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ 'ರಿಪೇರಿ ಹಕ್ಕು' ಪೋರ್ಟಲ್ ಕೂಡ ಶುರು ಮಾಡಿತು, ವಾಹನಗಳೂ ಅದರಲ್ಲಿ ಸೇರಿವೆ. ಭಾಯ್‌ಗೆ ಹೇಳಿದೆ. "ಹಕ್ಕು ಬಂತು ಸಾರ್, ಪಾಸ್‌ವರ್ಡ್ ಯಾವಾಗ ಬರ್ತದೆ?" ಅಂದರು.

ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಇಂಜಿನ್ ಸಾಫ್ಟ್‌ವೇರ್ ತಿದ್ದಿಸಿ, ಮೂವತ್ತು ಕುದುರೆ ಬಲ ಹೆಚ್ಚು ಮಾಡಿಸಿಕೊಂಡು, ಟರ್ಬೊ ಹೋದ ದಿನ ಬೆಕ್ಕಿನ ಹಾಗೆ ಬಂದು ವಾರಂಟಿ ಕೇಳುವವರು ನಮ್ಮಲ್ಲಿದ್ದಾರೆ. ಅವರಿಗೆ ಕೊಡಬೇಡಿ, ನಾನೂ ಸಾಕ್ಷಿ ಹೇಳ್ತೀನಿ. ನಕಲಿ ಆಯಿಲ್ ಹಾಕಿ ಬೇರಿಂಗ್ ತಿಂದುಹಾಕಿದವರಿಗೂ ಬೇಡ. ಆದರೆ ಅದನ್ನು ತೋರಿಸಬೇಕಾದ್ದು ಕಂಪನಿ.

ಇದನ್ನೆಲ್ಲ ಮೇಲ್ ಬರೆದು, ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಕೊಡಿ ಅಂದೆ. ಮರುದಿನವೇ ದನಿ ಬದಲಾಯಿತು. 'ಗುಡ್‌ವಿಲ್' ಮೇಲೆ ಅರ್ಧ ಬಿಟ್ಟುಕೊಡ್ತೀವಿ, ವಾರಂಟಿ ಮೇಲೆ ನನಗೆ ಹಕ್ಕಿಲ್ಲ ಅಂತ ಒಪ್ಪಿ ಒಂದು ಹಾಳೆಗೆ ಸಹಿ ಹಾಕಿ ಅಂದರು. ಹೆಂಡತಿ, "ಹಾಕಿಬಿಡ್ರಿ, 46,000 ಉಳಿತದಲ್ಲ" ಅಂದಳು. ಅವಳ ಲೆಕ್ಕ ತಪ್ಪಲ್ಲ. ಆದರೆ ಇನ್ನೂ ಎಂಟೊಂಬತ್ತು ತಿಂಗಳ ವಾರಂಟಿ ಬಾಕಿ ಇದೆ, ನಾಳೆ ಗೇರ್‌ಬಾಕ್ಸ್ ಹೋದರೆ ಇದೇ ಹಾಳೆ ನನ್ನ ಮುಂದೆ ಬರುತ್ತೆ. ಹಾಕಲಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲಿದೆಯೋ ಅಲ್ಲಿಗೆ ಅಲೆಯಬೇಕಾಗಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಬಗೆಹರಿಯದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗ. ಒಂದು ಸಲ ಅವರ ವಕೀಲರೂ ಆ 300 ಕಿಲೋಮೀಟರ್ ಬಂದು ಹೋಗಲಿ, ಬಿಳಿ ಅಂಗಿ ಹಾಕ್ಕೊಂಡು.

ಹೊರಗೆ ಸರ್ವೀಸ್ ಮಾಡಿಸೋರು ಬಿಲ್ ಬಿಸಾಡಬೇಡಿ. ಹಳೇ ಫಿಲ್ಟರಿನ ಫೋಟೋ ಕೂಡ ತೆಗೆದಿಡಿ. 'ಆಗಲ್ಲ' ಅಂತ ಫೋನಿನಲ್ಲಿ ಹೇಳಿದ್ದನ್ನು ಒಪ್ಪಬೇಡಿ, ಬರೆದು ಕೊಡಿ ಅನ್ನಿ. ಯಾರಿಗಾದರೂ ಹೀಗೇ ಆಗಿ ಗೆದ್ದಿದ್ದರೆ, ಸೋತಿದ್ದರೂ ಸರಿ, ತಿಳಿಸಿ.

ಕಾರು ಇನ್ನೂ ಬೆಂಗಳೂರಿನಲ್ಲೇ ನಿಂತಿದೆ. ನಾನು ಕೆಲಸಕ್ಕೆ ಹೋಗೋದು ಹಳೇ ಬೈಕಿನಲ್ಲಿ. ಅಮ್ಮನಿಗೆ ಖುಷಿ, ಹಿಂದೆ ಕೂತು ಸಂತೆಗೆ ಬರ್ತಾರೆ.